ಶೆಟ್ಟಿಹಳ್ಳಿಯ ದೇವಾಲಯ: ಒಂದು ಹೆಸರು, ಒಂದು ಧರ್ಮಕೇಂದ್ರ

ಹಾಸನಕ್ಕೆ ಸಮೀಪದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನೊಳಗೆ ಅರ್ಧ ಮುಳುಗಿ, ಬೇಸಗೆಯಲ್ಲಿ ಬುಡಸಹಿತ ಹೊರಬರುತ್ತದೆ. ಕರಾವಳಿಯ ಕ್ರೈಸ್ತರು ಪೋರ್ಚುಗೀಸ್ ಮೂಲದ 'ಇಗರ್ಜಿ' ಶಬ್ದವನ್ನು ಬಳಸುವಂತೆ ಈ ಸೀಮೆಯವರು ಬಳಸುವುದಿಲ್ಲ. ಇಲ್ಲಿ ಅದು 'ದೇವಾಲಯ'ವೇ.

ಅದರ ಬಗ್ಗೆ ಎರಡು ಮಾತುಗಳು ಪ್ರಚಲಿತವಾಗಿವೆ: 1860ರ ಸುಮಾರಿನಲ್ಲಿ ಫ್ರೆಂಚ್ ಮಿಷನರಿಗಳು ಅದನ್ನು ಕಟ್ಟಿದರೆಂಬುದು ಒಂದು, ಕಟ್ಟಿಸಿದವನು ಅಬ್ಬೆ ದುಬ್ವಾ ಎಂಬುದು ಇನ್ನೊಂದು. ಎರಡೂ ಏಕಕಾಲಕ್ಕೆ ಸತ್ಯವಾಗಲಾರವು. 1792ರಲ್ಲಿ ಭಾರತಕ್ಕೆ ಬಂದ ದುಬ್ವಾ 1823ರಲ್ಲಿ ಮರಳಿದವನು ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು.

ಆದರೂ ಜನರು ಆ ಹೆಸರನ್ನು ವೃಥಾ ಅಂಟಿಸಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಕೂಡಿಸಿದವನು, ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದವನು, ಹಾಸನದ ಸಾತಳ್ಳಿಯಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಗೆ ಕಾರಣನಾದವನು ಅವನೇ. 'ದೊಡ್ಡಸ್ವಾಮಿ' ಎಂದು ಜನ ಕರೆಯುತ್ತಿದ್ದ ಆತನ ಗ್ರಂಥದಲ್ಲಿ ಜೈನರನ್ನು ಕುರಿತ ಅನುಬಂಧವೊಂದಿದೆ. ಅದರ ಪೂರ್ವಗ್ರಹಗಳೊಡನೆ ನಾವು ಜಗಳವಾಡಬಹುದು, ಅದನ್ನು ಓದದೆ ಬಿಡುವಂತಿಲ್ಲ. ಸ್ಮೃತಿಯು ದೊಡ್ಡ ಹೆಸರನ್ನು ಹುಡುಕಿಕೊಂಡಿತು. ನಿಜವಾಗಿ ಕಟ್ಟಿಸಿದ ಮುಂದಿನ ತಲೆಮಾರಿನ ಗುರುಗಳು ಮರೆಯಾದರು. ಆ ತಲೆಮಾರು ಸಾಮಾನ್ಯವಾದುದಲ್ಲ. ಮೈಸೂರು 1850ರಲ್ಲಿ ಪ್ರತ್ಯೇಕ ಅಪೋಸ್ತಲಿಕ್ ವಿಕಾರಿಯೇಟ್ ಆಯಿತು. ಅದರ ಮುಖ್ಯಸ್ಥರಾಗಿದ್ದ ಬಿಷಪ್ ಶಾರ್ಬೊನೊ ಅವರ ಲ್ಯಾಟಿನ್–ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಕಲಿಕೆಯೂ ಗೋಥಿಕ್ ಕಮಾನುಗಳೂ ಒಂದೇ ಕಾಲದ ಕೆಲಸಗಳು.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಊರು ಎದ್ದಿತು, ಗೋಡೆಗಳು ಉಳಿದವು. ಇಂದು ಛಾಯಾಚಿತ್ರಕಾರರು 'ಮುಳುಗುವ ಚರ್ಚು' ಎಂದು ಮೆಚ್ಚುವುದು ಛಾವಣಿಯಿಲ್ಲದ ಈ ಅವಶೇಷವನ್ನು. ಧರ್ಮಕೇಂದ್ರವೆಂದರೆ ಕಟ್ಟಡ ಮಾತ್ರವಲ್ಲ. ಜ್ಞಾನಸ್ನಾನ, ವಿವಾಹ, ಮರಣಗಳನ್ನು ಬರೆದಿಟ್ಟ ದಫ್ತರು, ಸಮಾಧಿಗಳು, ಗಂಟೆಯ ನಾದಕ್ಕೆ ಹೊಂದಿಕೊಂಡ ಗದ್ದೆಯ ಕೆಲಸ. ನಮ್ಮ ಸ್ಥಳಚರಿತ್ರೆಗಳು ಕಮಾನಿನ ಎತ್ತರವನ್ನು ಅಳೆದಷ್ಟು ಶ್ರದ್ಧೆಯಿಂದ ಎತ್ತಂಗಡಿಯಾದ ಮನೆತನಗಳನ್ನು ಹಿಂಬಾಲಿಸಿಲ್ಲ. ಕಾವೇರಿ ಕಣಿವೆಯ ಶಾಸನಗಳನ್ನು ಜಲಾಶಯ ತುಂಬುವ ಮುನ್ನ ಪ್ರತಿಮಾಡುವ ರೂಢಿ ನಮ್ಮಲ್ಲಿತ್ತು. ಜನರ ನೆನಪಿಗೆ ಅಂಥ ಪ್ರತಿ ತೆಗೆಯುವವರಿರಲಿಲ್ಲ. ಆ ಊರಿನಲ್ಲಿ ಪೂಜೆಗೆ ಕೂತಿದ್ದವರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಹಾಸನ ಸೀಮೆಯಲ್ಲಿ ಸಂಶೋಧನೆಗೆ ಇಳಿಯುವ ವಿದ್ಯಾರ್ಥಿ ಮೊದಲು ಹೋಗಬೇಕಾದುದು ಅವರ ಮನೆಗೆ, ಆಮೇಲೆ ಹಿನ್ನೀರಿನ ದಡಕ್ಕೆ.