ಇಂಗಳೀಕದ ಗುಡ್ಡದ ಕೆಳಗಿನ ಊರು

ಊರಿಗೆ ಫೋನ್ ಮಾಡಿದಾಗ ‘ಸಿಲಿಕಾನ್ ವ್ಯಾಲಿಲಿ ಇದೀನಿ’ ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ. ‘ಸಾಂತಾ ಕ್ಲಾರಾ ಕೌಂಟಿಲಿ ಇದೀನಿ’ ಅಂದರೆ ‘ಅದ್ಯಾವ ಹಳ್ಳಿನಪ್ಪಾ?’ ಅಂತಾರೆ. ಎರಡೂ ಹೆಚ್ಚುಕಮ್ಮಿ ಒಂದೇ ಜಾಗ! ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಸ್ಯಾನ್ ಹೋಸೆ ಅದರ ಮುಖ್ಯ ಪಟ್ಟಣ. ಪಡುವಣಕ್ಕೆ ಸಾಂತಾ ಕ್ರೂಜ್ ಬೆಟ್ಟಸಾಲು, ಮೂಡಣಕ್ಕೆ ಡಿಯಾಬ್ಲೋ ಬೆಟ್ಟಸಾಲು, ಬಡಗಣಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ತುದಿ, ನಡುವೆ ಬಟ್ಟಲಿನಂಥ ಕಣಿವೆ. 2020ರ ಜನಗಣತಿಯಲ್ಲಿ 19 ಲಕ್ಷ 36 ಸಾವಿರ ಜನ. ಮಳೆ ಬರೋದು ಚಳಿಗಾಲದಲ್ಲಿ ಮಾತ್ರ, ಹಾಗಾಗಿ ಜನವರಿಯಲ್ಲಿ ಬೆಟ್ಟಗಳು ಹಸಿರು, ಜೂನ್ ಹೊತ್ತಿಗೆ ಒಣ ಹುಲ್ಲಿನ ಬಣ್ಣ. ಮಲೆನಾಡಿನಿಂದ ಬಂದ ನನಗೆ ಈ ತಲೆಕೆಳಗು ಲೆಕ್ಕ ಇವತ್ತಿಗೂ ಅಭ್ಯಾಸ ಆಗಿಲ್ಲ :)

ಇಷ್ಟು ವರ್ಷ ಇಲ್ಲಿದ್ದರೂ ಈ ಜಿಲ್ಲೆಯ ಚರಿತ್ರೆ ಓದಬೇಕು ಅಂತ ಅನ್ನಿಸಿರಲಿಲ್ಲ. ‘ಇಲ್ಲೇನಿದೆ ಚರಿತ್ರೆ, ಎಲ್ಲಾ ನಿನ್ನೆ ಮೊನ್ನೆ ಕಟ್ಟಿದ್ದು’ ಅನ್ನೋ ಉಡಾಫೆ. ಅದು ಕಳಚಿದ್ದು ಒಂದು ಭಾನುವಾರ, ಆಲ್ಮಡೆನ್ ಕ್ವಿಕ್‌ಸಿಲ್ವರ್ ಪಾರ್ಕಿಗೆ ಚಾರಣ ಹೋದಾಗ. ಹತ್ತಿರದ ಕೆರೆಯ ದಂಡೆ ಮೇಲೆ ‘ಇಲ್ಲಿ ಹಿಡಿದ ಮೀನು ತಿನ್ನಬೇಡಿ’ ಅಂತ ಫಲಕ ಇತ್ತು. ಮಗಳು ‘ಯಾಕಪ್ಪಾ?’ ಅಂದಳು. ‘ನೀರಲ್ಲಿ ಪಾದರಸ ಇದೆಯಂತೆ’ ಅಂದೆ. ‘ಯಾರು ಹಾಕಿದ್ದು?’ ಅಂದಳು. ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಓದೋಕೆ ಶುರು ಮಾಡಿದೆ.

ನಮ್ಮಲ್ಲಿ ಇಂಗಳೀಕ ಅಂತೀವಲ್ಲ, ಪಾದರಸದ ಆ ಕೆಂಪು ಅದಿರು ಈ ಗುಡ್ಡದಲ್ಲಿ ಹೇರಳವಾಗಿತ್ತು. ಇಲ್ಲಿನ ಮೂಲನಿವಾಸಿಗಳಾದ ಓಹ್ಲೋನಿ ಜನ ಅದನ್ನು ಅರೆದು ಮೈಗೆ ಬಳಿದುಕೊಳ್ಳುತ್ತಿದ್ದರು. 1777ರಲ್ಲಿ ಸ್ಪೇನಿನವರು ಸಾಂತಾ ಕ್ಲಾರಾ ಮಿಷನ್ನನ್ನೂ ಸ್ಯಾನ್ ಹೋಸೆ ಊರನ್ನೂ ಕಟ್ಟಿದರು. ಓಹ್ಲೋನಿಗಳನ್ನು ಮಿಷನ್ನಿನ ಒಳಗೆ ಸೇರಿಸಿಕೊಂಡು ಮತವನ್ನೂ ಕೊಟ್ಟರು, ದುಡಿಮೆಯನ್ನೂ ಕೊಟ್ಟರು, ಜೊತೆಗೆ ದಡಾರದಂಥ ರೋಗಗಳನ್ನೂ. ಜನ ಸತ್ತರು, ಕೆಂಪು ಮಣ್ಣಿನ ಸುದ್ದಿ ಮಾತ್ರ ಉಳಿಯಿತು. 1845ರಲ್ಲಿ ಆಂದ್ರೆಸ್ ಕಾಸ್ಟಿಲೆರೋ ಅನ್ನೋ ಮೆಕ್ಸಿಕನ್ ಸೇನಾಧಿಕಾರಿ ಅದರ ಪುಡಿಯನ್ನು ಕೆಂಡದ ಮೇಲೆ ಉದುರಿಸಿ ಮೇಲೊಂದು ಲೋಟ ಕವಿಚಿದ. ಲೋಟದ ಒಳಮೈಯಲ್ಲಿ ಬೆಳ್ಳಿಯಂಥ ಹನಿಗಳು. ಪಾದರಸ! ಸ್ಪೇನಿನ ಹೆಸರಾಂತ ಆಲ್ಮಡೆನ್ ಗಣಿಯ ನೆನಪಿಗೆ ಇದಕ್ಕೆ ನ್ಯೂ ಆಲ್ಮಡೆನ್ ಅಂತ ಹೆಸರಾಯಿತು.

ಮೂರೇ ವರ್ಷಕ್ಕೆ, 1848ರಲ್ಲಿ, ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳ ಬುಡದಲ್ಲಿ ಚಿನ್ನ ಸಿಕ್ಕಿತು. ಚಿನ್ನದ ಹಿಂದೆ ಓಡಿದವರ ಕಥೆ ಎಲ್ಲರಿಗೂ ಗೊತ್ತು. ಮಣ್ಣಲ್ಲಿ ಬೆರೆತ ಚಿನ್ನದ ಕಣಗಳನ್ನು ಹಿಡಿಯೋಕೆ ಪಾದರಸ ಬೇಕು ಅನ್ನೋದನ್ನ ಯಾರೂ ಹೇಳಲ್ಲ. ಪಾದರಸ ಸುರಿದರೆ ಚಿನ್ನ ಅದಕ್ಕೆ ಅಂಟಿಕೊಳ್ಳುತ್ತೆ, ಕಾಯಿಸಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತೆ. ಆ ಪಾದರಸದ ಬಹುಪಾಲು ಹೋಗಿದ್ದು ಈ ಗುಡ್ಡದಿಂದ. ಗಣಿ ಬದುಕಿದ್ದ ನೂರಿಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಸುಮಾರು 38,000 ಟನ್ ಪಾದರಸ ತೆಗೆದರಂತೆ. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಹೆಚ್ಚು ಕೊಟ್ಟ ಪಾದರಸದ ಗಣಿ ಇನ್ನೊಂದಿಲ್ಲ. 1863ರಲ್ಲಿ, ಅಂತರ್ಯುದ್ಧದ ನಡುವೆ, ಸ್ವತಃ ಅಬ್ರಹಾಂ ಲಿಂಕನ್ ಈ ಗಣಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳೋಕೆ ಆಜ್ಞೆ ಹೊರಡಿಸಿದ್ದರು. ‘ಇವತ್ತು ಇದು, ನಾಳೆ ನಮ್ಮ ಗಣಿ’ ಅಂತ ಪಶ್ಚಿಮದ ಗಣಿ ಮಾಲೀಕರೆಲ್ಲ ಗುಲ್ಲೆಬ್ಬಿಸಿದ ಮೇಲೆ ಹಿಂದಕ್ಕೆ ಪಡೆದರು.

ಅದಿರು ಹೊತ್ತವರು ಯಾರು? ಮೊದಮೊದಲು ಮೆಕ್ಸಿಕನ್ನರು. ‘ಟೆನಾಟೆರೋ’ ಅಂತ ಅವರನ್ನು ಕರೆಯುತ್ತಿದ್ದರು. ಸುಮಾರು 90 ಕಿಲೋ ತೂಕದ ಚರ್ಮದ ಚೀಲವನ್ನು ಹಣೆಗೆ ಕಟ್ಟಿದ ಪಟ್ಟಿಯಿಂದ ಬೆನ್ನ ಮೇಲೆ ಇಳಿಬಿಟ್ಟು, ಮೆಟ್ಟಿಲಿನಂತೆ ಕಚ್ಚು ಹಾಕಿದ ಮರದ ದಿಮ್ಮಿ ಹತ್ತಿ ಮೇಲೆ ಬರಬೇಕು. ಕುಲುಮೆಯ ಹತ್ತಿರ ಕೆಲಸ ಮಾಡಿದವರಿಗೆ ಪಾದರಸದ ಹಬೆಯಿಂದ ಹಲ್ಲು ಉದುರುತ್ತಿತ್ತು, ಕೈ ನಡುಗುತ್ತಿತ್ತು. ಆಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಗುಡ್ಡದ ಮೇಲೆ ಮೆಕ್ಸಿಕನ್ನರಿಗೆ ಸ್ಪ್ಯಾನಿಶ್‌ಟೌನ್, ಇವರಿಗೆ ಇಂಗ್ಲಿಷ್ ಕ್ಯಾಂಪ್, ಬೇರೆ ಬೇರೆ ಕೇರಿ.

ಕಾರ್ನ್‌ವಾಲ್ ಅಂತ ಓದಿದ ಕೂಡಲೆ ಕಿವಿ ನೆಟ್ಟಗಾಯಿತು. ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದಿದ್ದು ಇದೇ ಕಾರ್ನ್‌ವಾಲ್‌ನ ಜನ! ನಮ್ಮ ಸೋದರಮಾವ ಕೆಲವು ವರ್ಷ ಕೆಜಿಎಫ್‌ನಲ್ಲಿದ್ದರು. ಚಿಕ್ಕಂದಿನಲ್ಲಿ ಅವರ ಮನೆಗೆ ಹೋದಾಗ ಊರ ಪಕ್ಕದ ಸೈನೈಡ್ ದಿಬ್ಬಗಳನ್ನು ನೋಡಿ ಆಟ ಆಡೋಕೆ ಎಷ್ಟು ಚೆನ್ನಾಗಿದೆ ಅಂದುಕೊಂಡಿದ್ದೆ, ಮಾವ ಬಿಟ್ಟಿರಲಿಲ್ಲ. ಅಲ್ಲಿ ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಇದೆ. ಇಲ್ಲಿ 1970ರ ದಶಕದಲ್ಲಿ ಮುಚ್ಚಿತು, ಕೆರೆಯ ಫಲಕ ಇದೆ.

ಸರಿ, ಕಣಿವೆಗೆ ಇಳಿಯೋಣ. 1856ರಲ್ಲಿ ಪೆಲಿಯೇ ಅನ್ನೋ ಫ್ರೆಂಚ್ ಕುಟುಂಬ ತಮ್ಮ ದೇಶದ ಪ್ರೂನ್ ಕಡ್ಡಿಗಳನ್ನು ತಂದು ಇಲ್ಲಿ ಕಸಿ ಕಟ್ಟಿತು. ಅಲ್ಲಿಂದ ಮುಂದೆ ನೂರು ವರ್ಷ ಇದು ಹಣ್ಣಿನ ಜಿಲ್ಲೆ. ಪ್ರೂನ್, ಏಪ್ರಿಕಾಟ್, ಚೆರಿ. ವಸಂತದಲ್ಲಿ ಕಣಿವೆಯಿಡೀ ಬಿಳಿ ಹೂವು, ಬೇಸಿಗೆಯಲ್ಲಿ ಹಣ್ಣನ್ನು ಡಬ್ಬಿಗೆ ತುಂಬೋ ಕಾರ್ಖಾನೆಗಳ ಸದ್ದು.

ದುಡಿದವರಲ್ಲಿ ಚೀನೀಯರು ಬಹಳ. 1887ರ ಮೇ 4ರಂದು ಸ್ಯಾನ್ ಹೋಸೆಯ ಚೈನಾಟೌನ್‌ಗೆ ಯಾರೋ ಬೆಂಕಿ ಇಟ್ಟರು, ಪೂರ್ತಿ ಸುಟ್ಟುಹೋಯಿತು. ಜಾನ್ ಹೈನ್ಲೆನ್ ಅನ್ನೋ ಜರ್ಮನ್ ವಲಸಿಗ ಮಾತ್ರ ಊರವರ ಬೆದರಿಕೆಗೆ ಜಗ್ಗದೆ ತನ್ನ ಜಮೀನಿನಲ್ಲಿ ಅವರಿಗೆ ಮನೆ ಕಟ್ಟಿಸಿಕೊಟ್ಟ. ನಗರಸಭೆ ಕ್ಷಮೆ ಕೇಳಿದ್ದು 2021ರಲ್ಲಿ! ಜಪಾನಿಯರದ್ದು ಇನ್ನೊಂದು ಕಥೆ. ಜಪಾನಿನಿಂದ ವಲಸೆ ಬಂದವರು ಜಮೀನು ಕೊಳ್ಳಬಾರದು ಅಂತ ರಾಜ್ಯ 1913ರಲ್ಲೇ ಕಾನೂನು ಮಾಡಿತ್ತು. 1942ರಲ್ಲಿ ಹುಟ್ಟಾ ಅಮೆರಿಕನ್ನರನ್ನೂ ಸೇರಿಸಿ ಎಲ್ಲರನ್ನೂ ರೈಲಿಗೆ ತುಂಬಿ ಶಿಬಿರಗಳಿಗೆ ಸಾಗಿಸಿದರು. ಆ ರೈಲಿನಲ್ಲಿ ನಾರ್ಮನ್ ಮಿನೆಟಾ ಅನ್ನೋ ಹತ್ತು ವರ್ಷದ ಹುಡುಗ ಇದ್ದ. ಆಯುಧ ಆಗಬಹುದು ಅಂತ ಅವನ ಬೇಸ್‌ಬಾಲ್ ದಾಂಡು ಕಿತ್ತುಕೊಂಡಿದ್ದರು. ಅದೇ ಹುಡುಗ ಮುಂದೆ 1971ರಲ್ಲಿ ಸ್ಯಾನ್ ಹೋಸೆಯ ಮೇಯರ್ ಆದ, ಕೇಂದ್ರದಲ್ಲಿ ಮಂತ್ರಿಯೂ ಆದ. ನಾವು ಬಂದಿಳಿಯೋ ವಿಮಾನ ನಿಲ್ದಾಣಕ್ಕೆ ಇವತ್ತು ಅವರದೇ ಹೆಸರು. ಅತ್ತೆ ಮಾವನನ್ನು ಕರೆತರೋಕೆ ಅದೆಷ್ಟು ಸಲ ಹೋಗಿದ್ದೆನೋ, ಆ ಹೆಸರು ಯಾರದ್ದು ಅಂತ ಕೇಳಿಕೊಂಡಿರಲಿಲ್ಲ. ನಾಚಿಕೆ ಆಯಿತು.

ತೋಟಕ್ಕೆ ನೀರು ಬೇಕಲ್ಲ, ಬಾವಿ ತೋಡಿದರು, ಪಂಪು ಇಟ್ಟರು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಥೆ ಹೊಸದಲ್ಲ. ಆದರೆ ಇಲ್ಲಿ ನೀರಿನ ಜೊತೆ ನೆಲವೂ ಇಳಿಯಿತು! 1910ರ ದಶಕದಿಂದ 1969ರವರೆಗೆ ಸ್ಯಾನ್ ಹೋಸೆ ಪೇಟೆಯ ನೆಲ ಸುಮಾರು 13 ಅಡಿ ಕುಸಿಯಿತು. ಜೇಡಿಮಣ್ಣಿನ ಪದರದ ನೀರು ಹೀರಿದರೆ ಅದು ಹಿಂಡಿದ ಸ್ಪಂಜಿನ ಹಾಗೆ ಕುಗ್ಗುತ್ತೆ, ಆಮೇಲೆ ನೀರು ತುಂಬಿದರೂ ಮೇಲೇಳಲ್ಲ. ಕೊಲ್ಲಿಯ ದಂಡೆಯ ಆಲ್ವಿಸೋ ಅನ್ನೋ ಊರು ಸಮುದ್ರಮಟ್ಟಕ್ಕಿಂತ ಕೆಳಗೆ ಹೋಯಿತು, 1983ರ ಪ್ರವಾಹದಲ್ಲಿ ಮುಳುಗಿತ್ತು. ಹೊರಗಿನಿಂದ ಕಾಲುವೆ ನೀರು ತಂದ ಮೇಲೆ ಕುಸಿತ ನಿಂತಿತು.

ತೋಟಗಳನ್ನು ಕಡಿದು ಬಂದಿದ್ದು ನಮ್ಮ ಕಸುಬು. 1956ರಲ್ಲಿ ಶಾಕ್ಲಿ ಮೌಂಟನ್ ವ್ಯೂನಲ್ಲಿ ಪ್ರಯೋಗಾಲಯ ತೆರೆದ. ಅವನ ಕಾಟ ತಾಳಲಾರದೆ ಎಂಟು ಜನ ಹೊರನಡೆದು 1957ರಲ್ಲಿ ಫೇರ್‌ಚೈಲ್ಡ್ ಕಟ್ಟಿದರು, 1968ರಲ್ಲಿ ಇಂಟೆಲ್ ಬಂತು. ಹೊಗೆ ಇಲ್ಲ, ಬೂದಿ ಇಲ್ಲ, ಬಿಳಿ ಕೋಟು ತೊಟ್ಟ ಜನ, ಎಷ್ಟು ಶುಭ್ರ ಕೈಗಾರಿಕೆ ಅಂತ ಊರೆಲ್ಲ ಹೊಗಳಿತು. ಚಿಪ್‌ನ ಜಿಡ್ಡು ತೊಳೆಯೋಕೆ ಬಳಸಿದ ಟಿಸಿಇಯಂಥ ದ್ರಾವಕಗಳನ್ನು ನೆಲದೊಳಗಿನ ಟ್ಯಾಂಕುಗಳಲ್ಲಿ ತುಂಬಿಡುತ್ತಿದ್ದರು. ಟ್ಯಾಂಕುಗಳು ಸೋರಿದವು. 1981ರಲ್ಲಿ ದಕ್ಷಿಣ ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಘಟಕದ ದ್ರಾವಕ ಕುಡಿಯುವ ನೀರಿನ ಬಾವಿಯಲ್ಲಿ ಸಿಕ್ಕಿತು. ಆ ಬಡಾವಣೆಯ ತಾಯಂದಿರು ಗರ್ಭಪಾತಗಳ, ಊನವಿದ್ದ ಶಿಶುಗಳ ಲೆಕ್ಕ ಹಿಡಿದು ಬೀದಿಗೆ ಬಂದರು. ಅಲ್ಲಿ ಅವು ಮಾಮೂಲಿಗಿಂತ ಹೆಚ್ಚಿದ್ದುದನ್ನು ರಾಜ್ಯದ ಅಧ್ಯಯನ ಒಪ್ಪಿತು, ಆದರೆ ಕಾರಣ ಆ ಸೋರಿಕೆಯೇ ಅಂತ ಹೇಳಲಾಗಲಿಲ್ಲ. ಇವತ್ತು ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಸೂಪರ್‌ಫಂಡ್ ಜಾಗಗಳಿರೋದು, ಅಂದರೆ ಕೇಂದ್ರ ಸರ್ಕಾರವೇ ನಿಂತು ವಿಷ ತೆಗೆಸಬೇಕಾದ ಜಾಗಗಳಿರೋದು, ಈ ಕೌಂಟಿಯಲ್ಲಿ. ಒಟ್ಟು 23.

ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ತಟ್ಟೆಯಷ್ಟಗಲದ ದುಂಡು ಕಬ್ಬಿಣದ ಮುಚ್ಚಳಗಳಿವೆ. ಚರಂಡಿಯದ್ದು ಅಂದುಕೊಂಡು ವರ್ಷಗಟ್ಟಲೆ ಅವುಗಳ ಮೇಲೇ ಕಾರು ನಿಲ್ಲಿಸಿದ್ದೇನೆ. ಇದೆಲ್ಲ ಓದಿದ ಮೇಲೆ ಒಂದು ಸಂಜೆ ಬಗ್ಗಿ ನೋಡಿದೆ. ‘ಮಾನಿಟರಿಂಗ್ ವೆಲ್’ ಅಂತ ಅಚ್ಚೊತ್ತಿದೆ. ಕೆಳಗಿನ ನೀರಲ್ಲಿ ಟಿಸಿಇ ಇನ್ನೂ ಎಷ್ಟಿದೆ ಅಂತ ಅಳೆಯೋ ಬಾವಿ. ಪಕ್ಕದ ಕ್ಯೂಬಿಕಲ್‌ನವರಿಗೆ ತೋರಿಸಿದೆ. ‘ಹೌದಾ?’ ಅಂದು ಮೀಟಿಂಗಿಗೆ ಹೋದರು. ಅವರನ್ನೇನು ಅನ್ನೋದು, ನಾನೂ ಮಾರನೇ ದಿನ ಜಾಗ ಸಿಗದೆ ಅದರ ಮೇಲೇ ಕಾರು ನಿಲ್ಲಿಸಿದೆ.

ಮಗಳಿಗೆ ಮಾತ್ರ ಕೂರಿಸಿಕೊಂಡು ಎಲ್ಲಾ ಹೇಳಿದೆ. ಓಹ್ಲೋನಿಗಳಿಂದ ಹಿಡಿದು ಕಾಸ್ಟಿಲೆರೋನ ಲೋಟದವರೆಗೆ ಕಣ್ಣರಳಿಸಿ ಕೇಳಿದಳು. ಚಿಪ್ ಕಾರ್ಖಾನೆಗೆ ಬಂದಾಗ ‘ಅಪ್ಪಾ, ನೀನೂ ಅದೇ ಕೆಲಸ ಅಲ್ವಾ ಮಾಡೋದು?’ ಅಂದಳು. ‘ಇಲ್ಲ ಪುಟ್ಟಾ, ನಾನು ಡಿಸೈನ್ ಮಾತ್ರ, ತಯಾರಾಗೋದು ತೈವಾನ್‌ನಲ್ಲಿ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಮೀನು ತಿನ್ನಬಹುದಾ?’ ಅಂದಳು...

ಬೇ ಏರಿಯಾದ ಗೆಳೆಯರೇ, ನ್ಯೂ ಆಲ್ಮಡೆನ್‌ನಲ್ಲಿ ಗಣಿ ಮ್ಯಾನೇಜರನ ಹಳೇ ಮನೆ ಕಾಸಾ ಗ್ರಾಂಡೆಯಲ್ಲಿ ಒಂದು ಮ್ಯೂಸಿಯಂ ಇದೆ, ಒಮ್ಮೆ ಹೋಗಿ ಬನ್ನಿ. ಹ್ಯಾಮಿಲ್ಟನ್ ಬೆಟ್ಟದ ಮೇಲಿನ ದೂರದರ್ಶಕದ ಅಡಿಯಲ್ಲೇ ಸಮಾಧಿಯಾದ ಜೇಮ್ಸ್ ಲಿಕ್‌ನ ಕಥೆ ಇನ್ನೊಮ್ಮೆ ಬರೀತೀನಿ.