ಮುಂದಿನ ಸೀಟಿನ ಮೂರನೆಯವನೂ ಗೇರಿನ ತಕರಾರೂ

ದಕ್ಷಿಣ ಕನ್ನಡದಲ್ಲಿ ಗೇರು ಎಂದೊಡನೆ ನೆನಪಾಗುವುದು ಗೇರುಬೀಜ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಬಾಡಿಗೆ ಕಾರು ಓಡಿಸಿದ, ಅದರಲ್ಲಿ ಇಕ್ಕಟ್ಟಾಗಿ ಕುಳಿತು ಸಾಗಿದ ಹಳಬರಿಗೆ ಆ ಶಬ್ದ ಬೇರೊಂದು ದೃಶ್ಯವನ್ನೂ ನೆನಪಿಸುತ್ತದೆ. ಏರಿನಲ್ಲಿ ಕಾರು ನಿಲ್ಲುತ್ತದೆ. ಎಂಜಿನ್ ಚೆನ್ನಾಗಿಯೇ ಇದೆ. ಆದರೂ ಚಾಲಕ ಇಳಿದು ಬಾನೆಟ್ ಎತ್ತುತ್ತಾನೆ, ಒಳಗೆ ಕೈಹಾಕಿ ಯಾವುದೋ ಸರಳನ್ನು ಜಗ್ಗುತ್ತಾನೆ, ಕೈ ಒರೆಸಿಕೊಂಡು ಬಂದು ಕೂರುತ್ತಾನೆ. ಕಾರು ಹೊರಡುತ್ತದೆ. ‘ಗೇರು ಲಾಕ್ ಆಗಿತ್ತು’ ಎಂಬ ಒಂದೇ ಮಾತಿನ ವಿವರಣೆ.

ಈ ಲಾಕಿನ ಮೂಲ ಹುಡುಕುತ್ತ ಹೋದರೆ ಅಮೆರಿಕ ತಲುಪುತ್ತೇವೆ. 1930ರ ದಶಕದ ಕೊನೆಯಲ್ಲಿ ಅಲ್ಲಿನ ಕಾರು ತಯಾರಕರು ನೆಲದಲ್ಲಿದ್ದ ಗೇರುಕಡ್ಡಿಯನ್ನು ಸ್ಟಿಯರಿಂಗ್ ಕಂಬಕ್ಕೆ ವರ್ಗಾಯಿಸಿದರು. ಮುಖ್ಯ ಉದ್ದೇಶ ಸರಳವಾದುದು: ಮುಂದಿನ ಉದ್ದ ಸೀಟಿನಲ್ಲಿ ಮೂರನೆಯವನಿಗೆ ಕಾಲು ಚಾಚಲು ಜಾಗ. ಯುದ್ಧದ ನಂತರ ಯುರೋಪೂ ಇದನ್ನು ಅನುಸರಿಸಿತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿ 1957ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಅಂಬಾಸಿಡರ್ ಆಯಿತು. ಇಟಲಿಯ ಫಿಯೆಟ್ 1100 ಮುಂಬಯಿಯ ಕುರ್ಲಾದಲ್ಲಿ ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಎರಡರಲ್ಲೂ ಗೇರು ಸ್ಟಿಯರಿಂಗ್ ಪಕ್ಕದಲ್ಲೇ. ಹೊರಗಿನ ಪ್ರಪಂಚ ಈ ಏರ್ಪಾಟನ್ನು ಬಹುಮಟ್ಟಿಗೆ ಕೈಬಿಟ್ಟ ಮೇಲೂ, ಲೈಸೆನ್ಸ್ ರಾಜ್ಯದ ಭಾರತದಲ್ಲಿ ಅದು ದಶಕಗಳ ಕಾಲ ಉಳಿಯಿತು.

ನಮ್ಮ ಸರ್ವಿಸ್ ಕಾರುಗಳಿಗಂತೂ ಅದು ವರದಾನವೇ ಆಗಿತ್ತು. ತಲೆಗಿಷ್ಟೆಂದು ಬಾಡಿಗೆ ಎತ್ತುವ ಕಾರಿನಲ್ಲಿ ಒಂದು ಸೀಟು ಹೆಚ್ಚಿದರೆ ಡೀಸೆಲ್ ಖರ್ಚಿನ ಲೆಕ್ಕವೇ ಬದಲಾಗುತ್ತದೆ. ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ, ಮೂಡುಬಿದಿರೆಯಿಂದ ವೇಣೂರಿಗೆ ಹೊರಟ ಅಂಬಾಸಿಡರಿನ ಮುಂಭಾಗದಲ್ಲಿ ಮೂವರೇ ಇರುತ್ತಿದ್ದರು ಎಂದರೆ ಯಾರೂ ನಂಬಲಾರರು, ಆ ಮಾತು ಬೇರೆ.

ಆದರೆ ಈ ಸೀಟಿಗೊಂದು ಬೆಲೆಯಿತ್ತು. ನೆಲದ ಗೇರಿನಲ್ಲಿ ಕಡ್ಡಿ ಗೇರುಬಾಕ್ಸಿನ ನೆತ್ತಿಯ ಮೇಲೆಯೇ ಕೂತಿರುತ್ತದೆ. ಸ್ಟಿಯರಿಂಗಿನ ಗೇರು ಹಾಗಲ್ಲ. ಚಾಲಕನ ಕೈಚಲನೆ ಕಂಬದುದ್ದಕ್ಕೂ ಕೆಳಗಿಳಿದು, ಸರಳು, ಕೊಂಡಿ, ಬುಷ್‌ಗಳನ್ನು ದಾಟಿ ಗೇರುಬಾಕ್ಸನ್ನು ಮುಟ್ಟಬೇಕು. ಯಾವ ಜೋಡಿ ಗೇರು ಎಂದು ಆರಿಸುವುದು ಒಂದು ಚಲನೆ, ಆರಿಸಿದ್ದನ್ನು ತಳ್ಳುವುದು ಇನ್ನೊಂದು. ಒಂದೊಂದು ಬುಷ್ ಕೂದಲೆಳೆಯಷ್ಟು ಸವೆದರೂ ಕೊನೆಗೆ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಒಂದು ಗೇರು ಬಾಕ್ಸಿನೊಳಗೆ ಕಚ್ಚಿಕೊಂಡಿರುವಾಗಲೇ ಕಡ್ಡಿ ಮತ್ತೊಂದು ಜೋಡಿಗೆ ದಾಟಿಬಿಡುತ್ತದೆ. ಅದೇ ಲಾಕ್. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ, ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು ಇರುವ ಸೀಮೆಯಲ್ಲಿ ತೆರೆದ ಕೊಂಡಿಗಳ ಪಾಡು ಹೇಳಬೇಕಾಗಿಲ್ಲ.

ಆದ್ದರಿಂದ ಗೇರು ಬೀಳದಿದ್ದಾಗ ‘ಬಾಕ್ಸ್ ಹೋಯಿತು’ ಎಂದು ತೀರ್ಪು ಕೊಡುವುದು ಹಲವು ಬಾರಿ ಅವಸರವಾಗುತ್ತದೆ. ಬಾಕ್ಸ್ ಇಳಿಸುವುದೆಂದರೆ ಬಾಡಿಗೆ ಕಾರಿನವನಿಗೆ ದಿನಗಟ್ಟಲೆ ಸಂಪಾದನೆ ನಿಂತ ಹಾಗೆ. ತಿಳಿದ ಮೆಕ್ಯಾನಿಕ್ ಮೊದಲು ಎಂಜಿನ್ ನಿಲ್ಲಿಸಿ ಗೇರುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾನೆ. ನಿಂತ ಎಂಜಿನಿನಲ್ಲಿ ಎಲ್ಲವೂ ಸಲೀಸಾಗಿ ಬಿದ್ದು, ಚಾಲೂ ಮಾಡಿದೊಡನೆ ಒಂದನೆಯದೂ ರಿವರ್ಸೂ ಕರಕರ ಎಂದರೆ ಅನುಮಾನ ಕ್ಲಚ್ಚಿನ ಮೇಲೆ. ಪೆಡಲ್ ತುಳಿದರೂ ಅದು ಪೂರ್ತಿ ಬಿಡುತ್ತಿಲ್ಲ. ನಿಂತ ಎಂಜಿನಿನಲ್ಲೂ ಗೇರು ತಡವರಿಸಿದರೆ ಬಾನೆಟ್ ಎತ್ತಬೇಕು. ಒಬ್ಬ ಕಡ್ಡಿ ಅಲ್ಲಾಡಿಸಬೇಕು, ಇನ್ನೊಬ್ಬ ಕೆಳಗಿನ ಕೊಂಡಿ ನೋಡಬೇಕು. ಕಡ್ಡಿ ಚಲಿಸಿದ ಮೇಲೆ ಕೊಂಡಿ ತಡವಾಗಿ ಚಲಿಸಿದರೆ ಬುಷ್ ಸವೆದಿದೆ. ಕೊಂಡಿ ಕಳಚಿ ಬಾಕ್ಸಿನ ಮೇಲಿನ ಸನ್ನೆಯನ್ನು ಕೈಯಿಂದಲೇ ತಳ್ಳಿದಾಗ ಎಲ್ಲ ಗೇರುಗಳೂ ಬಿದ್ದರೆ ಬಹುತೇಕ ಬಾಕ್ಸ್ ನಿರ್ದೋಷಿ. ಸುಲಭವಾಗಿ ಕಣ್ತಪ್ಪುವ ಅಪರಾಧಿ ಇನ್ನೊಂದಿದೆ: ಎಂಜಿನ್ ಕೂರುವ ರಬ್ಬರ್. ಸ್ಟಿಯರಿಂಗ್ ಕಂಬ ಬಾಡಿಗೆ ಅಂಟಿಕೊಂಡಿದೆ, ಗೇರುಬಾಕ್ಸ್ ಎಂಜಿನ್ನಿನೊಂದಿಗೆ ಅಲುಗುತ್ತದೆ. ರಬ್ಬರ್ ಕುಸಿದರೆ ಇವೆರಡರ ಅಂತರವೇ ಬದಲಾಗಿ, ಸರಿಯಾಗಿ ಕಟ್ಟಿದ ಕೊಂಡಿಯೂ ತಪ್ಪು ಹೇಳುತ್ತದೆ.

ತಪ್ಪೇ ಅಲ್ಲದ ತಪ್ಪೂ ಒಂದಿತ್ತು. ಓಡುತ್ತಿರುವಾಗ ಗೇರಿನ ವೇಗಗಳನ್ನು ಹೊಂದಿಸಿಕೊಡುವ ಸಿಂಕ್ರೊಮೆಶ್ ಎಂಬ ಉಪಾಯವನ್ನು ಅಮೆರಿಕದ ಕ್ಯಾಡಿಲಾಕ್ 1928ರಲ್ಲೇ ತಂದಿತು. ಹಳೆಯ ಅಂಬಾಸಿಡರಿನಲ್ಲಿ ಅದು ಎರಡನೇ ಗೇರಿನಿಂದ ಮೇಲಕ್ಕೆ ಮಾತ್ರ ಇತ್ತು. ಏರಿನಲ್ಲಿ ಕಾರು ಚಲಿಸುತ್ತಿರುವಾಗಲೇ ಒಂದನೆಯದಕ್ಕೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಂಜಿನ್ ಏರಿಸಿ ಹಾಕಬೇಕು. ಇದು ಗೊತ್ತಿಲ್ಲದವರು ಹಲ್ಲು ಕಡಿಸಿ ಬಾಕ್ಸನ್ನೇ ಬೈಯುತ್ತಿದ್ದರು. ಎರಡನೆಯದೋ ಮೂರನೆಯದೋ ಒಂದೇ ಗೇರು, ಅದೂ ಬೇಗ ಬೇಗ ಹಾಕಿದಾಗ, ಕರಕರ ಎಂದರೆ ಮಾತ್ರ ಅದರ ಸಿಂಕ್ರೊ ರಿಂಗ್ ಸವೆದಿರಬಹುದು. ಆಗ ಬಾಕ್ಸ್ ಬಿಚ್ಚದೆ ವಿಧಿಯಿಲ್ಲ.

ನಿಜವಾದ ಅಪಾಯ ಸದ್ದಿನಲ್ಲಿಲ್ಲ, ಹಾಕಿದ ಗೇರು ತಾನೇ ಕಳಚಿಕೊಳ್ಳುವುದರಲ್ಲಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬರುವ ಕಾರನ್ನು ಹಿಡಿದಿಡುವುದು ಬ್ರೇಕಿನಷ್ಟೇ ಎರಡನೇ ಗೇರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದ ಆ ಕಾರುಗಳಲ್ಲಿ, ತಿರುವಿನ ನಡುವೆ ಗೇರು ಹಾರಿ ನ್ಯೂಟ್ರಲ್ ಆದರೆ ಇಡೀ ಭಾರ ಕಾದ ಡ್ರಮ್ಮುಗಳ ಮೇಲೆ. ಒಳಗಿನ ಸ್ಪ್ರಿಂಗ್ ಸೋತಿರಬಹುದು, ಹಲ್ಲು ಸವೆದಿರಬಹುದು. ಆದರೆ ಹೊರಗಿನ ಕೊಂಡಿ ಗೇರನ್ನು ಅರ್ಧಕ್ಕೇ ತಳ್ಳಿ ನಿಲ್ಲಿಸಿದರೂ ಹೀಗಾಗುತ್ತದೆ. ಇಳಿಜಾರಿನಲ್ಲಿ ಕಡ್ಡಿಯನ್ನು ಕೈಯಿಂದ ಒತ್ತಿ ಹಿಡಿದೇ ಘಾಟಿ ಇಳಿಸುವುದು ಜಾಣತನವೆಂದು ಹೇಳಿಕೊಳ್ಳುವವರಿದ್ದರು. ಒಂದೇ ಕೈಯಲ್ಲಿ ಆ ತಿರುವುಗಳನ್ನು ತಿರುಗಿಸುವುದು ಜಾಣತನವಂತೂ ಅಲ್ಲ.

1983ರ ಕೊನೆಯಲ್ಲಿ ಬಂದ ಮಾರುತಿ 800ರ ಗೇರು ನೆಲದಲ್ಲಿತ್ತು. ಅಂಬಾಸಿಡರಿಗೂ 1990ರ ದಶಕದ ಆರಂಭದಲ್ಲಿ ಇಸುಜು ಎಂಜಿನ್ನಿನ ಜತೆ ನೆಲದ ಐದು ಗೇರು ಬಂದು, ಮುಂದಿನ ಉದ್ದ ಸೀಟು ಎರಡಾಗಿ ಸೀಳಿತು. ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಹೋದವರು ಸ್ಟಿಯರಿಂಗ್ ಪಕ್ಕ ಕಡ್ಡಿ ಇರುವ ಕಾರು ಕಂಡರೆ ಮುಂದಿನ ಸೀಟಿನ ಅಗಲವನ್ನೂ ಒಮ್ಮೆ ಗಮನಿಸಬಹುದು. ಇಂಥ ಕಾರನ್ನು ಇನ್ನೂ ಮನೆಯಲ್ಲಿಟ್ಟುಕೊಂಡವರು ಬಿಡಿಭಾಗ ಸಿಗದಿದ್ದರೆ ಹಳೆಯ ಬುಷ್ಷನ್ನೇ ಅಳತೆಗೆ ಕೊಟ್ಟು ಲೇತಿನಲ್ಲಿ ಹೊಸದನ್ನು ಕಡೆಸಿಕೊಳ್ಳಬಹುದು. ಅಳತೆಗೆ ಕೊಡುವಾಗ ಸವೆಯದ ಕಡೆಯನ್ನು ತೋರಿಸಬೇಕು, ಅಷ್ಟೇ.