ಸೋಲುವುದೇ ಕಸುಬಾಗಿದ್ದ ಪೈಲ್ವಾನರು

ಇಸ್ಪೀಟು ಎಲೆಯಷ್ಟು ದೊಡ್ಡ ಕಾರ್ಡು. ಮೇಲೆ ಬರಿಮೈ ಪೈಲ್ವಾನನ ಬಣ್ಣದ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಏಳು ಸಾಲು: ರ್‍ಯಾಂಕು, ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ. 1990ರ ದಶಕದಲ್ಲಿ ಶಾಲೆಗೆ ಹೋದವರ ಮುಂದೆ 'ಟ್ರಂಪ್ ಕಾರ್ಡು' ಎಂದರೆ ಸಾಕು, ಉಳಿದುದನ್ನು ಅವರೇ ಹೇಳುತ್ತಾರೆ.

ಆಟ ಸುಲಭ. ಕಟ್ಟನ್ನು ಸಮನಾಗಿ ಹಂಚಿಕೊಳ್ಳಬೇಕು. ಮೇಲಿನ ಕಾರ್ಡಿನ ಒಂದು ಸಾಲನ್ನು ಆರಿಸಿ ಅಂಕಿ ಹೇಳಬೇಕು. ಎದುರಾಳಿಯ ಕಾರ್ಡಿನಲ್ಲಿ ಅದೇ ಸಾಲಿನ ಅಂಕಿ ಕಡಿಮೆಯಿದ್ದರೆ ಅವನ ಕಾರ್ಡು ನಮ್ಮದು. ರ್‍ಯಾಂಕಿನಲ್ಲಿ ಮಾತ್ರ ಸಣ್ಣ ಅಂಕಿಗೇ ಗೆಲುವು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓಣಿಗಳಲ್ಲಿ ಇದು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ನಡೆಯುತ್ತಿತ್ತು. ಒಬ್ಬ 'ತೂಕ ಎಷ್ಟು?' ಎಂದರೆ ಇನ್ನೊಬ್ಬ 'ಬರುವು ಎಂತ?' ಎನ್ನುತ್ತಿದ್ದ. ಜಗಳ ಮಾತ್ರ ಎರಡೂ ಭಾಷೆಯಲ್ಲಿ ಏಕಕಾಲಕ್ಕೆ.

ನಾನು ಶಾಲೆಗೆ ಸೇರುವ ಹೊತ್ತಿಗೆ ಆ ದಶಕ ಮುಗಿದಿತ್ತು. ನನಗೆ ಸಿಕ್ಕಿದ್ದು ಚಿಕ್ಕಪ್ಪ ಚಿಂತಾಮಣಿಯಲ್ಲಿ ಹೈಸ್ಕೂಲು ಓದುವಾಗ ಕೊಂಡಿದ್ದ ಹಳೆಯ ಕಟ್ಟು. ಶಿಡ್ಲಘಟ್ಟದ ನಮ್ಮ ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ, ಅಂಟಂಟಾದ ರಬ್ಬರ್ ಬ್ಯಾಂಡಿನ ಬಿಗಿತದಲ್ಲಿ ಅದು ಕುಳಿತಿತ್ತು. ಅದರಲ್ಲಿದ್ದವರ ಪೈಕಿ ಟಿ.ವಿ.ಯಲ್ಲಿ ಆಗಲೂ ಕಾಣುತ್ತಿದ್ದವರು ಅಂಡರ್‌ಟೇಕರ್, ಶಾನ್ ಮೈಕೆಲ್ಸ್ ಮುಂತಾದ ಕೆಲವರು ಮಾತ್ರ. ಮುಖಕ್ಕೂ ಹೊಟ್ಟೆಗೂ ಬಣ್ಣ ಬಳಿದ ಕಮಾಲಾ, ಕೋಡಂಗಿ ವೇಷದ ಡೋಯಿಂಕ್, ಮಂತ್ರವಾದಿ ಪಾಪಾ ಶಾಂಗೊ, ಟೈ ಕಟ್ಟಿಕೊಂಡು ಕುಸ್ತಿಗೆ ಇಳಿಯುವ ತೆರಿಗೆ ಅಧಿಕಾರಿ ಇವರೆಲ್ಲ ನನ್ನ ಪಾಲಿಗೆ ಬರೀ ಅಂಕಿಗಳು. ಅವರು ಆಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ತೂಕ ಮಾತ್ರ ಬಾಯಿಪಾಠವಾಗಿತ್ತು.

ಬೇಸಿಗೆ ರಜೆಯಲ್ಲಿ ಆ ಕಟ್ಟನ್ನು ಗೌರಿಬಿದನೂರಿನ ಸೋದರಮಾವನ ಮನೆಗೆ ಒಯ್ದಾಗ ಅವಮಾನವಾಯಿತು. ಮಾವನ ಮಕ್ಕಳ ಬಳಿ ಜಾನ್ ಸೀನಾ, ಬಟಿಸ್ಟಾ ಇದ್ದ ಹೊಸ ಕಟ್ಟಿತ್ತು. ಅದರ ಮೇಲೆ 'ಡಬ್ಲ್ಯುಡಬ್ಲ್ಯುಇ' ಎಂದಿತ್ತು, ನನ್ನದರ ಮೇಲೆ 'ಡಬ್ಲ್ಯುಡಬ್ಲ್ಯುಎಫ್'. ನನ್ನದು ಡೂಪ್ಲಿಕೇಟ್ ಎಂದು ತೀರ್ಪಾಯಿತು. ಆ ತೀರ್ಪಿಗೆ ಮೇಲ್ಮನವಿ ಸಲ್ಲಿಸುವಷ್ಟು ವಿಷಯ ಆಗ ನನಗೆ ತಿಳಿದಿರಲಿಲ್ಲ. ಪಾಂಡಾ ಚಿತ್ರವನ್ನು ಗುರುತಾಗಿ ಹೊಂದಿರುವ ವನ್ಯಜೀವಿ ಸಂರಕ್ಷಣೆಯ ಜಾಗತಿಕ ಸಂಸ್ಥೆಯ ಹೆಸರೂ ಡಬ್ಲ್ಯುಡಬ್ಲ್ಯುಎಫ್. ಆ ಅಕ್ಷರಗಳ ಬಳಕೆಯ ಬಗ್ಗೆ 1994ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಕುಸ್ತಿ ಕಂಪನಿ ಮುರಿದಿದೆಯೆಂದು ಅದು ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. 2002ರ ಮೇ ತಿಂಗಳಲ್ಲಿ ಕಂಪನಿ ಹೆಸರು ಬದಲಿಸಿತು. ನನ್ನ ಕಟ್ಟು ಅಸಲಿಯೇ, ಸ್ವಲ್ಪ ಹಳೆಯದು, ಅಷ್ಟೇ.

ವರದಿಗಾರನಾದ ಮೇಲೆ ಬಿಡುವಿನಲ್ಲಿ ಆ ಹಳಬರ ಬೆನ್ನು ಹತ್ತಿದೆ. ಮೊದಲು ಎಡವಿದ್ದು 'ಗೆದ್ದ ಕುಸ್ತಿ' ಎಂಬ ಸಾಲಿನ ಮೇಲೆ. ಗರಡಿಯ ಮಟ್ಟಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್ ಆದಂತೆ. ಯಾರು ಚಿತ್ ಆಗುತ್ತಾರೆ ಎಂಬುದು ಪಟ್ಟು ಬೀಳುವವರೆಗೆ ಗೊತ್ತಿರುವುದಿಲ್ಲ. ಈ ಟಿ.ವಿ. ಕುಸ್ತಿಯಲ್ಲಿ ಅದು ಮೊದಲೇ ನಿರ್ಧಾರವಾಗಿರುತ್ತದೆ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿನ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಕಂಪನಿಯೇ ಒಪ್ಪಿಕೊಂಡಿತ್ತು. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕ್ರೀಡಾ ಆಯೋಗದ ನಿಯಂತ್ರಣ ಮತ್ತು ತೆರಿಗೆ ತಪ್ಪಲಿ ಎಂದು. ಅಂದರೆ ನಾವು ಕಾರ್ಡು ಆಡುವ ಮೊದಲೇ ಗುಟ್ಟು ಬಯಲಾಗಿತ್ತು. ನಮ್ಮ ಓಣಿಗೆ ತಲುಪಿರಲಿಲ್ಲ.

ಹಾಗಾದರೆ ಸೋಲುವವನು ಯಾರು? ಸೋಲುವುದೂ ಅಲ್ಲಿ ಒಂದು ಕೆಲಸ. ಆ ಕೆಲಸದವನನ್ನು 'ಜಾಬರ್' ಎನ್ನುತ್ತಾರೆ. ಎದುರಾಳಿ ಎತ್ತಿ ಎಸೆದಾಗ ಇಬ್ಬರಿಗೂ ಪೆಟ್ಟಾಗದಂತೆ ಬೀಳಬೇಕು, ಎಸೆದವನು ಭೀಮನಂತೆ ಕಾಣಬೇಕು. ಇದು ಕಲಿಯದೆ ಬರುವ ವಿದ್ಯೆಯಲ್ಲ. 'ಬ್ರೂಕ್ಲಿನ್ ಬ್ರಾಲರ್' ಎಂಬ ಹೆಸರಿನಲ್ಲಿ ಹರಕು ಅಂಗಿ ತೊಟ್ಟು ಬರುತ್ತಿದ್ದ ಸ್ಟೀವ್ ಲೊಂಬಾರ್ಡಿ 1983ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದೇ ಕಂಪನಿಯಲ್ಲಿದ್ದರು. ಅಲ್ಲಿಗೆ ಬಂದ ದೊಡ್ಡವರಲ್ಲಿ ಬಹಳ ಮಂದಿ ಅವರನ್ನು ಕೆಡವಿಯೇ ಮುಂದೆ ಹೋದರು. ಬ್ಯಾರಿ ಹೊರೊವಿಟ್ಜ್ ಎಂಬ ಇನ್ನೊಬ್ಬರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತ ಅಖಾಡಕ್ಕೆ ಬರುತ್ತಿದ್ದರು, ತಟ್ಟುವವರು ಬೇರೆ ಯಾರೂ ಇಲ್ಲವಲ್ಲ! ವರ್ಷಗಟ್ಟಲೆ ಸೋತ ಮೇಲೆ 1995ರಲ್ಲಿ ಟಿ.ವಿ.ಯಲ್ಲಿ ಒಮ್ಮೆ ಗೆದ್ದಾಗ ವೀಕ್ಷಕ ವಿವರಣೆಕಾರರೇ ನಂಬಲಾಗದವರಂತೆ ಕೂಗಿದರು.

ಚಿತ್ರದ ಮೇಲಿನ ಹೆಸರು, ಊರುಗಳ ಕಥೆಯೂ ಹೀಗೆಯೇ. ಜಪಾನಿನ ಸುಮೊ ಮಲ್ಲನೆಂದು ನಾವು ನಂಬಿದ್ದ ಯೊಕೊಜುನಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಸಮೋವಾ ಮೂಲದ ರಾಡ್ನಿ ಅನೊವಾಯಿ. ಎತ್ತರದ ಸಾಲಿನಲ್ಲಿ ಎಂಟು ಅಡಿ ಎಂದು ಯಾರಿಗೂ ಬಗ್ಗದಿದ್ದ ಜೈಂಟ್ ಗೊನ್ಜಾಲೆಸ್ ಅರ್ಜೆಂಟೀನಾದ ಬ್ಯಾಸ್ಕೆಟ್‌ಬಾಲ್ ಆಟಗಾರ. ಅಮೆರಿಕದ ಅಟ್ಲಾಂಟಾ ಹಾಕ್ಸ್ ತಂಡ 1988ರಲ್ಲಿ ಅವರನ್ನು ಆರಿಸಿಕೊಂಡಿತ್ತು. ಬ್ಯಾಸ್ಕೆಟ್‌ಬಾಲ್ ಕೈಹಿಡಿಯದೆ ಕುಸ್ತಿಗೆ ಬಂದರು. ನಿಜವಾದ ಎತ್ತರ ಏಳೂವರೆ ಅಡಿಯ ಆಸುಪಾಸು. ತೆಳ್ಳಗಿದ್ದ ಅವರಿಗೆ ಕಂಪನಿ ಮಾಂಸಖಂಡಗಳ ಚಿತ್ರ ಬರೆದ, ಅಲ್ಲಲ್ಲಿ ಕೂದಲು ಅಂಟಿಸಿದ ಮೈಗವಸು ತೊಡಿಸಿತು. 1993ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ಸಿನಲ್ಲಿ ಅಂಡರ್‌ಟೇಕರ್ ಎದುರು ಸೋತದ್ದು ಅದೇ ವೇಷದಲ್ಲಿ. ನಾವು ಎದೆ, ತೋಳಿನ ಅಳತೆ ಹೇಳಿ ಜಗಳವಾಡುತ್ತಿದ್ದುದು ಬಟ್ಟೆಯ ಮೇಲಿನ ಬಣ್ಣದ ಬಗ್ಗೆ! ಮಧುಮೇಹದಿಂದ ನರಳಿ, ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲಿ ಕಳೆದ ಗೊನ್ಜಾಲೆಸ್ 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ವಯಸ್ಸು 44.

ನನ್ನನ್ನು ಹೆಚ್ಚು ಕಾಡಿದ್ದು ಕಮಾಲಾ. ಕಾರ್ಡಿನ ಪ್ರಕಾರ ಉಗಾಂಡಾದ ದೈತ್ಯ. ಭರ್ಜಿ ಹಿಡಿದು, ಚಿರತೆಯ ಚರ್ಮದಂಥ ಬಟ್ಟೆ ಸುತ್ತಿ, ಮಾತು ಬಾರದ ಕಾಡು ಮನುಷ್ಯನಂತೆ ಬರುತ್ತಿದ್ದ. ನಿಜದಲ್ಲಿ ಆತ ಅಮೆರಿಕದ ಮಿಸಿಸಿಪಿ ರಾಜ್ಯದ ಜೇಮ್ಸ್ ಹ್ಯಾರಿಸ್, 1950ರಲ್ಲಿ ಗೇಣಿ ಒಕ್ಕಲಿನ ಬಡ ಕುಟುಂಬದಲ್ಲಿ ಹುಟ್ಟಿದವರು. 1982ರಲ್ಲಿ ಮೆಂಫಿಸ್‌ನ ಕುಸ್ತಿ ವ್ಯವಸ್ಥಾಪಕರು ಅವರಿಗೆ ಈ ವೇಷ ಕಟ್ಟಿದರು. ಕಪ್ಪು ಮನುಷ್ಯನನ್ನು ಕಾಡುಪ್ರಾಣಿಯಂತೆ ಕುಣಿಸಿ ಟಿಕೆಟ್ ಮಾರಿದ್ದು ಹೇಯವೆಂದು ಇಂದು ಅನಿಸುತ್ತದೆ. ಹತ್ತು ವರ್ಷದ ನನಗೆ ಹಾಗೇನೂ ಅನಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಅವರನ್ನು ಕರೆತರುತ್ತಿದ್ದ ಮುಸುಕಿನ ಮನುಷ್ಯ 'ಕಿಮ್ ಚೀ' ಬೇರಾರೂ ಅಲ್ಲ, ನಮ್ಮ ಬ್ರೂಕ್ಲಿನ್ ಬ್ರಾಲರ್. ಸೋಲುವ ಕೆಲಸ ಇಲ್ಲದ ಹೊತ್ತಿನಲ್ಲಿ ಇನ್ನೊಂದು ವೇಷ.

1992ರ ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಕಮಾಲಾ ಅಂಡರ್‌ಟೇಕರ್ ವಿರುದ್ಧ ಆಡಿದರು. ಅಂದು ತನಗೆ ಸಿಕ್ಕ ಹಣ ಎದುರಾಳಿಯದಕ್ಕೆ ಹೋಲಿಸಿದರೆ ಏನೇನೂ ಅಲ್ಲವೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಈ ಪೈಲ್ವಾನರು ಕಂಪನಿಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂಬುದು ಅಲ್ಲಿನ ಲೆಕ್ಕ. ಹಾಗಾಗಿ ನೌಕರರಿಗೆ ಸಿಗುವ ಆರೋಗ್ಯ ವಿಮೆಯಾಗಲೀ ಪಿಂಚಣಿಯಾಗಲೀ ಇಲ್ಲ. ಕಮಾಲಾ ನಡುನಡುವೆ ಲಾರಿ ಓಡಿಸಿ ಬದುಕಿದರು. ಮಧುಮೇಹದಿಂದಾಗಿ 2011ರಲ್ಲಿ ಒಂದು ಕಾಲನ್ನು, 2012ರಲ್ಲಿ ಇನ್ನೊಂದನ್ನು ಕತ್ತರಿಸಬೇಕಾಯಿತು. 2020ರ ಆಗಸ್ಟ್ 9ರಂದು ಕೋವಿಡ್ ಅವರನ್ನು ಒಯ್ದಿತು.

ಸೋತವನ ಹೆಸರು ಗೆದ್ದವನ ಕಥೆಯೊಳಗಷ್ಟೇ ಉಳಿಯುವುದು ಟಿ.ವಿ. ಕಾಲದಲ್ಲಿ ಶುರುವಾದದ್ದಲ್ಲ. ನಮ್ಮ ತಾತನ ಪೀಳಿಗೆಗೆ ಕುಸ್ತಿ ಎಂದರೆ ದಾರಾ ಸಿಂಗ್, ದಾರಾ ಸಿಂಗ್ ಕೆಡವಿದವನೆಂದರೆ ಕಿಂಗ್ ಕಾಂಗ್. ಆ ಕಿಂಗ್ ಕಾಂಗ್ ಹಂಗೇರಿಯ ಎಮಿಲ್ ಸಯಾ ಎಂಬ ಮನುಷ್ಯ, ಭಾರತದಿಂದ ಸಿಂಗಪುರದವರೆಗೆ ಊರೂರು ಸುತ್ತಿ ಆಡಿ, ಕಾರು ಅಪಘಾತದ ಗಾಯದಿಂದ 1970ರಲ್ಲಿ ಸಿಂಗಪುರದಲ್ಲಿ ಸತ್ತವನು ಎಂಬುದನ್ನು ತಾತ ಕೇಳಿಯೂ ಇರಲಿಲ್ಲ. ನಮ್ಮ ಕಾಲಕ್ಕೆ ಹಿಮಾಚಲದ ದಲೀಪ್ ಸಿಂಗ್ ರಾಣಾ 'ಗ್ರೇಟ್ ಖಲಿ' ಆಗಿ ಬಂದರು. ಅವರು ಚಾಂಪಿಯನ್ ಆದದ್ದು 2007ರಲ್ಲಿ, ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ವರ್ಷ. ಓಣಿಯಲ್ಲಿ ಹೆಚ್ಚು ಚರ್ಚೆಯಾದದ್ದು ಯಾವುದು ಎಂದು ಹೇಳಬೇಕಾಗಿಲ್ಲ.

ಚಿಕ್ಕಪ್ಪ ಈಗ ಚಿಕ್ಕಬಳ್ಳಾಪುರದಲ್ಲಿ ಹೂವಿನ ವ್ಯಾಪಾರ ಮಾಡುತ್ತಾರೆ. ಮೊನ್ನೆ ಆ ಕಟ್ಟನ್ನು ಒಯ್ದು ಅವರ ಮುಂದಿಟ್ಟೆ. ಕಮಾಲಾನ ಕಾರ್ಡು ಕೈಗೆತ್ತಿಕೊಂಡರು. ಮಿಸಿಸಿಪಿಯ ಕಥೆ, ಕಾಲು ಹೋದ ಕಥೆ ಹೇಳಿದೆ. 'ಹಂಗಾದ್ರೆ ಇವನು ಉಗಾಂಡಾದೋನಲ್ವೇನೋ?' ಎಂದರು. ಕಾರ್ಡಿನ ಮುರಿದ ಮೂಲೆಯನ್ನು ಉಗುರಿನಿಂದ ನೇರ ಮಾಡುತ್ತ, 'ಇವನ ತೂಕ ಹೇಳಿ ಎಷ್ಟು ಕಾರ್ಡು ಗೆದ್ದಿದೀನಿ ಗೊತ್ತಾ' ಎಂದು ಹೇಳಿ, ಕಟ್ಟಿನ ನಡುವೆ ಸೇರಿಸದೆ ಅದನ್ನು ಎಲ್ಲಕ್ಕಿಂತ ಮೇಲಿಟ್ಟು ರಬ್ಬರ್ ಬ್ಯಾಂಡು ಹಾಕಿದರು.